ನೇಪಾಳಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂರು ಬಾರಿ ನೇಪಾಳಕ್ಕೆ ಹೋಗಿ ಬಂದವನು ಎಂಬ ಒಂದೇ ಕಾರಣಕ್ಕೆ ನೆಂಟರ ಮನೆಯಲ್ಲಿ, ಕಚೇರಿಯಲ್ಲಿ, ಕೊನೆಗೆ ಹಾಲಿನ ಬೂತಿನ ಮುಂದೆಯೂ ಜನ ನನ್ನನ್ನು ನಿಲ್ಲಿಸಿ ಕೇಳುತ್ತಾರೆ. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಅವೇ. ಅವುಗಳ ಬೆನ್ನಿಗೆ ಒಂದು ನಂಬಿಕೆಯೂ ಇರುತ್ತದೆ: "ಅದೇನು ವಿದೇಶವೇ? ಕಾಶಿಗೆ ಹೋಗಿ ಬಂದ ಹಾಗೆ ತಾನೇ?" ಅಲ್ಲ. ನಮ್ಮವರು ಅಲ್ಲಿ ಪಡುವ ಪೇಚಾಟದಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಈ ನಂಬಿಕೆಯಿಂದಲೇ. ಅದಕ್ಕೇ ಒಂದು ಸಲ ಕೂತು ಎಲ್ಲವನ್ನೂ ಬರೆದಿಟ್ಟಿದ್ದೇನೆ.

ವೀಸಾ ಬೇಡವಂತೆ, ನಿಜವೇ? ಆಧಾರ್ ಕಾರ್ಡ್ ಸಾಕಲ್ಲವೇ?

ವೀಸಾ ಬೇಡ, ನಿಜ. 1950ರ ಶಾಂತಿ ಮತ್ತು ಸ್ನೇಹ ಒಪ್ಪಂದದ ಕಾಲದಿಂದಲೂ ಎರಡೂ ದೇಶಗಳ ಪ್ರಜೆಗಳು ವೀಸಾ ಇಲ್ಲದೆ ಓಡಾಡುತ್ತಿದ್ದಾರೆ. ಆದರೆ ಆಧಾರ್ ಸಾಕು ಎಂಬುದು ಸುಳ್ಳು. ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಇರಬೇಕು, ಇಲ್ಲವೇ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ ಇರಬೇಕು. ಎರಡರಲ್ಲಿ ಯಾವುದಾದರೂ ಮೂಲ ಪ್ರತಿಯೇ ಆಗಬೇಕು. ಮೊಬೈಲಿನಲ್ಲಿ ತೆಗೆದ ಚಿತ್ರ ನಡೆಯುವುದಿಲ್ಲ. 15 ವರ್ಷದೊಳಗಿನ ಮಕ್ಕಳು ಮತ್ತು 65 ದಾಟಿದ ಹಿರಿಯರಿಗೆ ಮಾತ್ರ ಆಧಾರ್, ಪ್ಯಾನ್, ಚಾಲನಾ ಪರವಾನಗಿಯಂಥವು ನಡೆಯುತ್ತವೆ. 15ರಿಂದ 18ರ ನಡುವಿನ ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಶಾಲೆಯ ಮುಖ್ಯಸ್ಥರಿಂದ ಗುರುತಿನ ಪತ್ರ ಬರೆಸಿಕೊಳ್ಳಬೇಕು.

ನಮ್ಮ ಚಿಕ್ಕಪ್ಪನಿಗೆ ಆಗ 63. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಆಧಾರ್ ಹಿಡಿದು "ಇದು ಎಲ್ಲದಕ್ಕೂ ಆಗುತ್ತದೆ" ಎಂದು ಅರ್ಧ ಗಂಟೆ ವಾದಿಸಿದರು. ಆಗಲಿಲ್ಲ. ಚಿಕ್ಕಮ್ಮ ಒಬ್ಬರೇ ಹೋಗಿಬಂದರು. ಆ ಕಥೆ ಇವತ್ತಿಗೂ ಪ್ರತಿ ಮದುವೆ ಮನೆಯಲ್ಲಿ ಹೊಸದಾಗಿ ಬಡಿಸಲ್ಪಡುತ್ತದೆ. ಮತದಾರರ ಚೀಟಿಯನ್ನೇ ನೆಚ್ಚಿಕೊಂಡವರು ಅದರ ಮೇಲಿನ ಹೆಸರಿಗೂ ಟಿಕೆಟ್ಟಿನ ಹೆಸರಿಗೂ ತಾಳೆಯಾಗುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಪಾಸ್‌ಪೋರ್ಟ್ ಇದ್ದರೆ ಅದನ್ನೇ ಒಯ್ಯಿರಿ.

ರಸ್ತೆಯ ಗಡಿಯಲ್ಲಿ ತಪಾಸಣೆ ಸಡಿಲ. ಆದರೂ ಅದೇ ದಾಖಲೆ ಜೇಬಿನಲ್ಲಿರಲಿ, ಹೋಟೆಲಿನಲ್ಲಿ ಕೇಳುತ್ತಾರೆ. ನೇಪಾಳದ ಮೂಲಕ ಕೈಲಾಸ ಮಾನಸ ಸರೋವರಕ್ಕೆ ಹೋಗುವವರಿಗೆ ಪಾಸ್‌ಪೋರ್ಟೂ ಬೇಕು, ಚೀನಾದ ವೀಸಾ ಕೂಡ ಬೇಕು.

ಕರ್ನಾಟಕದಿಂದ ಹೋಗುವುದು ಹೇಗೆ?

ಬೆಂಗಳೂರಿನಿಂದ ಕಠ್ಮಂಡುವಿಗೆ ನೇರ ವಿಮಾನ ಒಂದೊಂದು ಕಾಲದಲ್ಲಿ ಇರುತ್ತದೆ, ಒಂದೊಂದು ಕಾಲದಲ್ಲಿ ಇರುವುದಿಲ್ಲ. ಇಲ್ಲದಿದ್ದರೆ ದೆಹಲಿಯ ಮೇಲೆ ಹೋಗಬೇಕು. ದೆಹಲಿಯಿಂದ ಹೋಗುವಾಗ ಎಡಗಡೆಯ ಕಿಟಕಿ, ಬರುವಾಗ ಬಲಗಡೆಯ ಕಿಟಕಿ ಕೇಳಿ ಪಡೆಯಿರಿ. ಆಕಾಶ ತಿಳಿಯಾಗಿದ್ದರೆ ಮೋಡದ ಸಾಲು ಎಂದುಕೊಂಡದ್ದು ಸ್ವಲ್ಪ ಹೊತ್ತಿನಲ್ಲಿ ಹಿಮಾಲಯವಾಗುತ್ತದೆ.

ರೈಲಿನಲ್ಲಿ ಹೋಗುವವರು ಯಶವಂತಪುರದಿಂದ ಗೋರಖ್‌ಪುರ, ಅಲ್ಲಿಂದ ಬಸ್ಸಿನಲ್ಲಿ ಎರಡು ಮೂರು ಗಂಟೆ ಕೂತು ಸುನೌಲಿ ಗಡಿ. ದಾಟಿದರೆ ಭೈರಹವಾ, ಬುದ್ಧ ಹುಟ್ಟಿದ ಲುಂಬಿನಿ ಅಲ್ಲಿಂದ ಹತ್ತಿರ. ಹಾಗಾಗಿ ಈ ದಾರಿಯಲ್ಲಿ ಬಂದವರು ಲುಂಬಿನಿಯನ್ನು ಮೊದಲೇ ಮುಗಿಸಿಕೊಳ್ಳುವುದು ಜಾಣತನ. ಬಿಹಾರದ ರಕ್ಸೌಲ್‌ನಿಂದ ಬೀರ್‌ಗಂಜ್ ಇನ್ನೊಂದು ದಾರಿ. ಜನಕಪುರದ ಜಾನಕಿ ಮಂದಿರವೇ ಗುರಿಯಾದರೆ ಬಿಹಾರದ ಜಯನಗರದಿಂದ ಗಡಿ ದಾಟುವ ಪುಟ್ಟ ರೈಲು ಇದೆ. 2022ರಲ್ಲಿ ಮತ್ತೆ ಶುರುವಾಯಿತು.

ನಮ್ಮ ರೂಪಾಯಿ ಅಲ್ಲಿ ನಡೆಯುತ್ತದೆಯೇ?

ನಡೆಯುತ್ತದೆ, ಆದರೆ ಎಲ್ಲ ನೋಟೂ ಅಲ್ಲ. ನಮ್ಮ 100 ರೂಪಾಯಿಗೆ ಅಲ್ಲಿನ 160 ರೂಪಾಯಿ. ಈ ದರ 1993ರಿಂದಲೂ ಬದಲಾಗಿಲ್ಲ, ಆದ್ದರಿಂದ ಚೌಕಾಸಿಯ ಮಾತೇ ಇಲ್ಲ. 100 ಮತ್ತು ಅದಕ್ಕಿಂತ ಸಣ್ಣ ನೋಟುಗಳನ್ನು ಅಂಗಡಿ, ಟ್ಯಾಕ್ಸಿ, ದೇವಸ್ಥಾನ ಎಲ್ಲ ಕಡೆ ತೆಗೆದುಕೊಳ್ಳುತ್ತಾರೆ. 200, 500ರ ನೋಟುಗಳನ್ನು ನೇಪಾಳ 2018ರಲ್ಲಿ ನಿಷೇಧಿಸಿತು. 2016ರ ನೋಟು ರದ್ದತಿಯಲ್ಲಿ ನಮ್ಮ ಹಳೆಯ ನೋಟುಗಳು ಅಲ್ಲಿನವರ ಕೈಯಲ್ಲೇ ಉಳಿದುಹೋದವು. ಆ ಸಿಟ್ಟು ಇನ್ನೂ ಆರಿಲ್ಲ. ಈಗೀಗ ದೊಡ್ಡ ನೋಟಿನ ನಿಯಮವನ್ನು ಸಡಿಲಿಸುವ ಕೆಲಸ ಎರಡೂ ಕಡೆ ನಡೆದಿದೆ. ಹಾಗಿದ್ದರೂ ಹೊರಡುವ ವಾರ ಬ್ಯಾಂಕಿಗೆ ಹೋಗಿ 100ರ ಒಂದೆರಡು ಕಟ್ಟು ತಂದಿಟ್ಟುಕೊಂಡವರು ಕೆಟ್ಟಿಲ್ಲ.

ಇನ್ನು ಮುಖ್ಯವಾದ ಮಾತು: ಅಲ್ಲಿ ಬೆಲೆ ಕೇಳಿದಾಗ ಕೂಡಲೇ "ಐಸಿಯೋ ಎನ್‌ಸಿಯೋ?" ಎಂದು ಕೇಳಬೇಕು. ಐಸಿ ಎಂದರೆ ಭಾರತದ ಹಣ, ಎನ್‌ಸಿ ಎಂದರೆ ನೇಪಾಳದ ಹಣ. ಮೊದಲ ಪ್ರವಾಸದಲ್ಲಿ ಕಠ್ಮಂಡುವಿನ ಠಮೇಲ್‌ಗೆ ಟ್ಯಾಕ್ಸಿ ಹಿಡಿದೆ. "ಎಂಟು ನೂರು" ಎಂದ ಚಾಲಕ. ಇಳಿದು ನೇಪಾಳದ 800 ಎಣಿಸಿ ಕೊಟ್ಟರೆ, ನಗುನಗುತ್ತಲೇ "ಐಸಿ" ಎಂದ. ಅಂದರೆ 1,280. ಜಗಳವಾಡಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಅವನು ಸುಳ್ಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಬರುವ ಮುನ್ನ ನೇಪಾಳದ ನೋಟುಗಳನ್ನೆಲ್ಲ ಅಲ್ಲಿಯೇ ಖರ್ಚು ಮಾಡಿ ಅಥವಾ ಬದಲಿಸಿಕೊಳ್ಳಿ. ಬೆಂಗಳೂರಿಗೆ ತಂದರೆ ಮಕ್ಕಳ ನಾಣ್ಯ ಸಂಗ್ರಹಕ್ಕಷ್ಟೇ.

ಫೋನ್‌ಪೇ, ಗೂಗಲ್‌ಪೇ ನಡೆಯುತ್ತದೆಯೇ?

2024ರಿಂದ ಅಂಗಡಿಗಳ ಫೋನ್‌ಪೇ ಕ್ಯೂಆರ್‌ಗೆ ನಮ್ಮ ಯುಪಿಐನಿಂದ ಹಣ ಕೊಡಬಹುದು. ಹೆಸರು ಕೇಳಿ ಮೋಸ ಹೋಗಬೇಡಿ: ಅಲ್ಲಿನ ಫೋನ್‌ಪೇ ಬೇರೆ ಕಂಪನಿ, ಹೆಸರು ಮಾತ್ರ ಕಿವಿಗೆ ಒಂದೇ. ಹೊರಡುವ ಮೊದಲು ನಿಮ್ಮ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯ ಆಯ್ಕೆಯನ್ನು ತೆರೆದಿಟ್ಟುಕೊಳ್ಳಿ. ಕಠ್ಮಂಡು, ಪೋಖರಾದಲ್ಲಿ ಇದನ್ನು ನಂಬಬಹುದು. ಬೆಟ್ಟದ ಊರುಗಳಲ್ಲಿ ನೋಟೇ ಗತಿ.

ಮೊಬೈಲ್ ಏನು ಮಾಡುವುದು?

ಗಡಿ ದಾಟಿದೊಡನೆ ನಿಮ್ಮ ಸಿಮ್ ವಿದೇಶದಲ್ಲಿರುತ್ತದೆ. ರೋಮಿಂಗ್ ಹಾಕಿಸದಿದ್ದರೆ ಅದು ಬರೀ ಗಡಿಯಾರ. ನೇಪಾಳ ಟೆಲಿಕಾಂ ಮತ್ತು ಎನ್‌ಸೆಲ್ ಎಂಬ ಎರಡು ಕಂಪನಿಗಳಿವೆ. ಗುರುತಿನ ದಾಖಲೆ, ಒಂದು ಫೋಟೋ ಕೊಟ್ಟರೆ ಸಿಮ್ ಸಿಗುತ್ತದೆ. ಬೆಟ್ಟದ ಕಡೆ ಹೋಗುವವರಿಗೆ ನೇಪಾಳ ಟೆಲಿಕಾಂ ಮೇಲು. ಸ್ಥಳೀಯ ಸಿಮ್ ಇದ್ದರೆ ಪಠಾವೊ, ಇನ್‌ಡ್ರೈವ್ ಆ್ಯಪ್‌ಗಳಲ್ಲಿ ಟ್ಯಾಕ್ಸಿ ಕರೆಯಬಹುದು, ಮೇಲೆ ಹೇಳಿದ ಐಸಿ–ಎನ್‌ಸಿ ತಾಪತ್ರಯ ತಪ್ಪುತ್ತದೆ. ಆದರೆ ನಮ್ಮ ಸಿಮ್ ಕಿತ್ತು ಚೀಲದ ತಳಕ್ಕೆ ಹಾಕಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ.

ಯಾವ ತಿಂಗಳು ಒಳ್ಳೆಯದು?

ಬೆಟ್ಟ ಕಾಣಬೇಕೆಂದರೆ ಅಕ್ಟೋಬರ್, ನವೆಂಬರ್. ಹೂವು ಕಾಣಬೇಕೆಂದರೆ ಮಾರ್ಚ್, ಏಪ್ರಿಲ್. ಆಗ ಇಳಿಜಾರುಗಳಲ್ಲಿ ಅವರ ರಾಷ್ಟ್ರಪುಷ್ಪ ಲಾಲಿಗುರಾಂಸ್ ಕೆಂಪಗೆ ಅರಳಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಭೂಕುಸಿತ. 2024ರ ಜುಲೈಯಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿ ಪಾಲಾದವು. ಮಕ್ಕಳ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಅಲ್ಲಿ ಬೆಟ್ಟಕ್ಕೆ ಮಂಜು ಮುಸುಕುತ್ತದೆ, ಆದ್ದರಿಂದ ಹೋಗುವುದಾದರೆ ಏಪ್ರಿಲ್ ಮೊದಲರ್ಧದಲ್ಲೇ ಹೋಗಿಬನ್ನಿ.

ನಮ್ಮ ದಸರಾ ರಜೆ ನೋಡಿ ಹೊರಡುವವರಿಗೆ ಒಂದು ಎಚ್ಚರಿಕೆ. ಅವರಿಗೂ ಅದೇ ದೊಡ್ಡ ಹಬ್ಬ: ದಶೈಂ. ಕಠ್ಮಂಡುವಿನ ಅರ್ಧ ಜನ ಊರು ಸೇರಿರುತ್ತಾರೆ, ಅಂಗಡಿಗಳು ಮುಚ್ಚಿರುತ್ತವೆ, ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದೀಪಾವಳಿಗೆ ಹೋದರೆ ಬೇರೆಯೇ ಸೊಗಸು. ತಿಹಾರ್ ಎನ್ನುತ್ತಾರೆ, ಅದರ ಎರಡನೆಯ ದಿನ ನಾಯಿಗಳಿಗೆ ಪೂಜೆ. ಬೀದಿನಾಯಿಯೂ ಹಣೆಗೆ ತಿಲಕ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು ಗತ್ತಿನಿಂದ ತಿರುಗುತ್ತಿರುತ್ತದೆ.

ಪಶುಪತಿನಾಥದಲ್ಲಿ ನಮ್ಮ ಕಡೆಯ ಅರ್ಚಕರಿದ್ದಾರಂತೆ, ಹೌದೇ?

ಹೌದು. ಲಿಂಗವನ್ನು ಮುಟ್ಟಿ ಪೂಜೆ ಮಾಡುವ ಅಧಿಕಾರ ಇರುವುದು ಭಟ್ಟರಿಗೆ ಮಾತ್ರ. ಅವರು ದಕ್ಷಿಣದಿಂದ, ಅದರಲ್ಲೂ ಕರ್ನಾಟಕದಿಂದ ಹೋದ ವೈದಿಕರು. ಮುಖ್ಯಸ್ಥರನ್ನು ಮೂಲ ಭಟ್ಟ ಎನ್ನುತ್ತಾರೆ. ಅವರಿಗೆ ನೆರವಾಗುವ ಭಂಡಾರಿಗಳು ಅಲ್ಲಿನವರೇ. ಹೊರನಾಡಿನವರೇ ಯಾಕೆ ಎಂಬುದಕ್ಕೆ ಒಂದು ಕಾರಣ ಹೇಳುತ್ತಾರೆ: ರಾಜ ತೀರಿಕೊಂಡರೆ ಪ್ರಜೆಗಳಿಗೆಲ್ಲ ಸೂತಕ, ಹೊರಗಿನಿಂದ ಬಂದವರಿಗೆ ಅದಿಲ್ಲ, ಹಾಗಾಗಿ ದೇವರ ಪೂಜೆ ನಿಲ್ಲುವುದಿಲ್ಲ. 2008ರಲ್ಲಿ ರಾಜಪ್ರಭುತ್ವವೇ ಹೋಯಿತು. ಅದರ ಬೆನ್ನಿಗೆ ಆಗಿನ ಸರ್ಕಾರ ನೇಪಾಳಿ ಅರ್ಚಕರನ್ನು ನೇಮಿಸಲು ಹೋಗಿ ದೊಡ್ಡ ಗಲಾಟೆಯಾಗಿ, ಕೋರ್ಟು ಮೆಟ್ಟಿಲು ಹತ್ತಿ, ಕೊನೆಗೆ ಹಳೆಯ ಪದ್ಧತಿಯೇ ಉಳಿಯಿತು.

ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಂದೊಂದರ ಎದುರಿಗೂ ಲಿಂಗದ ಒಂದೊಂದು ಮುಖ. ಪಶ್ಚಿಮದ ಬಾಗಿಲಿನ ಮುಂದೆ ಆಳೆತ್ತರ ಮೀರಿದ ನಂದಿ. ಎರಡನೆಯ ಸಲ ಹೋದಾಗ ಸಾಲಿನಲ್ಲಿ ನನ್ನ ಮುಂದಿದ್ದ ಅಜ್ಜಿಯೊಬ್ಬರು ಬಾಗಿಲ ಬಳಿ "ಸ್ವಾಮೀ, ಸ್ವಲ್ಪ ತೀರ್ಥ ಕೊಡಿ" ಎಂದು ಕನ್ನಡದಲ್ಲೇ ಕೇಳಿಬಿಟ್ಟರು. ಒಳಗಿನಿಂದ "ಯಾವ ಊರಮ್ಮ?" ಎಂದು ಉತ್ತರ ಬಂತು. ಅಜ್ಜಿ ಊರು ಹೇಳುವಷ್ಟರಲ್ಲಿ ಹಿಂದಿನವರು ತಳ್ಳಿದರು. ಅಷ್ಟೇ ಮಾತು. ಆ ದಿನವಿಡೀ ಆಕೆ ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ಆದರೆ ಕನ್ನಡಿಗರೆಂದು ಹೇಳಿ ಸಾಲು ತಪ್ಪಿಸಲು ಹೋಗಬೇಡಿ, ಅವರನ್ನು ಮುಜುಗರಕ್ಕೆ ಸಿಲುಕಿಸಿದಂತಾಗುತ್ತದೆ.

ಮುಖ್ಯ ದೇವಸ್ಥಾನದೊಳಗೆ ಹಿಂದೂಗಳಿಗೆ ಮಾತ್ರ ಪ್ರವೇಶ. ಬೆಲ್ಟು, ಪರ್ಸು ಸೇರಿದಂತೆ ಚರ್ಮದ ಯಾವ ವಸ್ತುವೂ ಒಳಗೆ ಹೋಗದು, ಫೋಟೋ ತೆಗೆಯುವಂತಿಲ್ಲ. ಮಧ್ಯಾಹ್ನ ಗರ್ಭಗುಡಿ ಮುಚ್ಚಿರುತ್ತದೆ, ಬೆಳಿಗ್ಗೆ ಬೇಗ ಹೋಗಿ. ಸಂಜೆ ಬಾಗಮತಿಯ ಆಚೆ ದಡದಲ್ಲಿ ಆರತಿ. ಈಚೆ ದಡದ ಆರ್ಯಘಾಟ್‌ನಲ್ಲಿ ಚಿತೆಗಳು ಉರಿಯುತ್ತಿರುತ್ತವೆ. ಅಲ್ಲಿ ಕ್ಯಾಮೆರಾ ಎತ್ತುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಸುಡುತ್ತಿರುವುದು ಯಾರದೋ ತಂದೆಯನ್ನು.

ಮುಕ್ತಿನಾಥಕ್ಕೆ ವಯಸ್ಸಾದವರನ್ನು ಕರೆದೊಯ್ಯಬಹುದೇ?

ಕರೆದೊಯ್ಯಬಹುದು, ಆತುರ ಮಾತ್ರ ಬೇಡ. ಪೋಖರಾ ಇರುವುದು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೂ ಕಡಿಮೆ ಎತ್ತರದಲ್ಲಿ. ಮುಕ್ತಿನಾಥ 3,700 ಮೀಟರ್‌ಗೂ ಮೇಲೆ. ಬೆಳಿಗ್ಗೆ ಪೋಖರಾದಲ್ಲಿ ತಿಂಡಿ ತಿಂದು ಮಧ್ಯಾಹ್ನ ಮುಕ್ತಿನಾಥದಲ್ಲಿ ನಿಲ್ಲಿಸುವ ಪ್ರವಾಸ ಏಜೆಂಟರಿದ್ದಾರೆ. ಅಂಥವರ ಮಾತಿಗೆ ಒಪ್ಪಬೇಡಿ. ತಲೆನೋವು, ವಾಕರಿಕೆ, ಏದುಸಿರು ಶುರುವಾದರೆ ಅದು ಗ್ಯಾಸ್ಟ್ರಿಕ್ ಅಲ್ಲ, ಎತ್ತರದ ಕಾಯಿಲೆ. ಅದಕ್ಕೆ ನಿಜವಾದ ಮದ್ದು ಕೆಳಗಿಳಿಯುವುದು. ಜೊಮ್‌ಸೊಮ್‌ನಲ್ಲೋ ಸೇಬಿನ ತೋಟಗಳ ಮಾರ್ಫಾದಲ್ಲೋ ಒಂದು ರಾತ್ರಿ ತಂಗಿ ಮೇಲೆ ಹೋದರೆ ದೇಹ ಹೊಂದಿಕೊಳ್ಳುತ್ತದೆ. ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ಬೆಂಗಳೂರಿನಲ್ಲೇ ವೈದ್ಯರನ್ನು ಕಂಡು, ಮಾತ್ರೆಯ ವಿಷಯ ಮಾತಾಡಿಕೊಂಡೇ ಹೊರಡಲಿ.

ಪೋಖರಾದಿಂದ ಜೊಮ್‌ಸೊಮ್‌ಗೆ ಪುಟ್ಟ ವಿಮಾನದಲ್ಲಿ ಇಪ್ಪತ್ತು ನಿಮಿಷ. ಅದು ಬೆಳಿಗ್ಗೆ ಮಾತ್ರ ಹಾರುತ್ತದೆ, ಏಕೆಂದರೆ ಹೊತ್ತೇರಿದಂತೆ ಕಾಳಿಗಂಡಕಿ ಕಣಿವೆಯಲ್ಲಿ ಗಾಳಿ ಎದ್ದುಬಿಡುತ್ತದೆ. ಆ ಗಾಳಿಯನ್ನು ನಾನು ನೋಡಿದ್ದೇನೆ: ಹನ್ನೊಂದರ ಹೊತ್ತಿಗೆ ಬೀದಿಯ ಮರಳು ಮುಖಕ್ಕೆ ಚುಚ್ಚುತ್ತಿತ್ತು, ಚಹಾದ ಅಂಗಡಿಯವಳು ಮಾತು ನಿಲ್ಲಿಸದೆಯೇ ಒಂದು ಕೈಯಿಂದ ಬಾಗಿಲು ಎಳೆದುಕೊಂಡು ಅಗುಳಿ ಹಾಕಿದಳು. ವಿಮಾನ ರದ್ದಾಗುವುದು ಸಾಮಾನ್ಯ, ಆದ್ದರಿಂದ ಒಂದು ದಿನ ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಳ್ಳಿ. ರಸ್ತೆಯೂ ಇದೆ, ಬೇನಿಯಿಂದ ಮುಂದೆ ಸೊಂಟಕ್ಕೆ ಪರೀಕ್ಷೆ. ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರವಾನಗಿಯನ್ನು ಪೋಖರಾದಲ್ಲೇ ಮಾಡಿಸಿಕೊಳ್ಳಬೇಕು. ಭಾರತೀಯರಿಗೆ ಸಾರ್ಕ್ (ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟ) ದರ, ಬೇರೆ ವಿದೇಶಿಯರಿಗಿಂತ ಕಡಿಮೆ.

ಜೀಪು ಇಳಿದ ಮೇಲೆ ದೇವಸ್ಥಾನಕ್ಕೆ ಏರು ದಾರಿ, ಕುದುರೆ ಸಿಗುತ್ತದೆ. ಗುಡಿಯ ಹಿಂದೆ ಅರ್ಧಚಂದ್ರಾಕಾರದ ಗೋಡೆ, ಅದರಲ್ಲಿ ಗೂಳಿಮುಖದ 108 ಧಾರೆಗಳು. ಶ್ರೀವೈಷ್ಣವರಿಗೆ ಇದು ದಿವ್ಯದೇಶ, ಬೌದ್ಧರಿಗೂ ಪವಿತ್ರ. ಆ ಧಾರೆಗಳ ಕೆಳಗೆ ನಾನು ಶ್ರದ್ಧೆಗಿಂತ ಹಟದಿಂದ ಓಡಿದೆ. ಇಪ್ಪತ್ತನೆಯ ಧಾರೆಯ ಹೊತ್ತಿಗೆ ನೆತ್ತಿ ಮರಗಟ್ಟಿ ಲೆಕ್ಕ ತಪ್ಪಿತು. ನನ್ನ ಹಿಂದೆ ಬಂದ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಒಂದೊಂದು ಧಾರೆಗೂ ಕೈಯೊಡ್ಡಿ, ಎರಡು ಹನಿ ತಲೆಗೆ ಪ್ರೋಕ್ಷಿಸಿಕೊಂಡು ನಿಧಾನವಾಗಿ ಮುಗಿಸಿದರು. ಅವರ ಕ್ರಮವೇ ಸರಿ. ನಮ್ಮ ಮಾಧ್ವರ, ಶ್ರೀವೈಷ್ಣವರ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮಗಳು ಹುಟ್ಟುವುದು ಕೆಳಗೆ ಹರಿಯುವ ಈ ಗಂಡಕಿಯಲ್ಲೇ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಧಾರಾಳವಾಗಿ. ದಾಲ್, ಭಾತ್, ತರಕಾರಿ ಅವರ ದಿನದ ಊಟ. ಅನ್ನ, ಬೇಳೆ ಕೇಳಿದಷ್ಟು ಬಡಿಸುತ್ತಾರೆ. ಸಾಕಾದಾಗ "ಪುಗ್ಯೋ" ಎನ್ನಬೇಕು. ಸಾಸಿವೆ ಎಣ್ಣೆಯ ಘಾಟು ಮೊದಲ ದಿನ ಮೂಗಿಗೆ ಹೊಡೆಯುತ್ತದೆ. ಬೆಲೆಪಟ್ಟಿಯಲ್ಲಿ "ಬಫ್" ಎಂದಿದ್ದರೆ ಎಮ್ಮೆಯ ಮಾಂಸ ಎಂದರ್ಥ. ಮೊಮೊ ತಿನ್ನುವ ಮುನ್ನ ಕೇಳಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಬೇಡದವರಿಗೆ ಕಠ್ಮಂಡುವಿನಲ್ಲಿ ಮಾರವಾಡಿ ಭೋಜನಾಲಯಗಳಿವೆ. ಭಕ್ತಪುರಕ್ಕೆ ಹೋದವರು ಮಣ್ಣಿನ ಬಟ್ಟಲಿನ ಜುಜು ಧೌ ತಿನ್ನದೆ ಬರಬಾರದು: ಗಟ್ಟಿ, ಸಿಹಿ ಮೊಸರು.

ಆದರೆ ನಮ್ಮವರಿಗೆ ನಾನು ವಿಶೇಷವಾಗಿ ಹೇಳುವುದು ಢಿಡೊ ಬಗ್ಗೆ. ಥಕಾಲಿ ಭೋಜನಾಲಯದಲ್ಲಿ "ಕೋದೋಕೋ ಢಿಡೊ" ಎಂದು ಕೇಳಿ. ಹಿಂದಿಯಲ್ಲಿ ಕೋದೋ ಎಂದರೆ ನಮ್ಮ ಹಾರಕ, ನೇಪಾಳಿಯಲ್ಲಿ ಕೋದೋ ಎಂದರೆ ರಾಗಿ! ಕಂಚಿನ ತಟ್ಟೆಯ ನಡುವೆ ಕಂದು ಬಣ್ಣದ ಬಿಸಿ ಗುಡ್ಡೆ, ಮೇಲೆ ತುಪ್ಪ, ಪಕ್ಕದಲ್ಲಿ ಗುಂದ್ರುಕ್ ಎಂಬ ಹುಳಿಬರಿಸಿದ ಸೊಪ್ಪಿನ ಸಾರು. ಉಂಡೆ ಕಟ್ಟಿರುವುದಿಲ್ಲ, ನಮ್ಮ ಮುದ್ದೆಗಿಂತ ಮೆತ್ತಗೆ. ನನ್ನ ಜೊತೆಗಿದ್ದ ಮಂಡ್ಯದ ಗೆಳೆಯ ಐದು ದಿನದಿಂದ ಸಪ್ಪೆ ಮುಖ ಹಾಕಿಕೊಂಡಿದ್ದ. ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದ. ಬಡಿಸುತ್ತಿದ್ದಾಕೆ ನಿಂತು ನೋಡಿದಳು. ಅವರೂ ಹಾಗೆಯೇ ನುಂಗುತ್ತಾರೆ.

ಹಿಂದಿ ಬಂದರೆ ಸಾಕೇ?

ಕೆಲಸ ಸಾಗುತ್ತದೆ. ಆದರೆ ಅದು ಅವರ ಭಾಷೆಯಲ್ಲ, ನೆನಪಿರಲಿ. ನಮ್ಮೂರಿಗೆ ಬಂದವರು ಬಾಯಿ ತೆರೆದೊಡನೆ ಹಿಂದಿ ಮಾತಾಡಿದರೆ ನಮಗೆ ಹೇಗನ್ನಿಸುತ್ತದೋ ಅವರಿಗೂ ಹಾಗೆಯೇ. "ನಮಸ್ತೆ", "ಧನ್ಯವಾದ್", "ಕತಿ ಹೋ?" (ಎಷ್ಟು?) ಇಷ್ಟು ಕಲಿಯಿರಿ. ಹಿರಿಯ ಗಂಡಸರಿಗೆ ದಾಯಿ, ಹೆಂಗಸರಿಗೆ ದೀದಿ, ಕಿರಿಯರಿಗೆ ಭಾಯಿ, ಬಹಿನಿ. ಯಾರನ್ನೂ "ಬಹದ್ದೂರ್" ಎಂದು ಕರೆಯಬೇಡಿ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಕಾವಲುಗಾರನಿಗೆ ಹೆಸರು ಕೇಳದೆಯೇ ನಾವು ಅಂಟಿಸಿದ ಪದ ಅದು. ಅಲ್ಲಿ ಅದು ಚುಚ್ಚುತ್ತದೆ. "ನೇಪಾಳವೂ ಭಾರತವೇ ಬಿಡಿ" ಎಂಬ ಹೊಗಳಿಕೆಯೂ ಬೇಡ. ಅವರಿಗದು ಹೊಗಳಿಕೆಯಾಗಿ ಕೇಳಿಸುವುದಿಲ್ಲ.

ಸ್ವಂತ ಕಾರು, ಬೈಕು ಒಯ್ಯಬಹುದೇ?

ಒಯ್ಯಬಹುದು. ಗಡಿಯಲ್ಲಿ "ಭನ್ಸಾರ್" ಮಾಡಿಸಬೇಕು, ಅಂದರೆ ಸುಂಕದ ಕಚೇರಿಯಲ್ಲಿ ದಿನಕ್ಕಿಷ್ಟು ಎಂದು ಕಟ್ಟಿ ಚೀಟಿ ಪಡೆಯುವುದು. ಒಂದೆರಡು ದಿನ ಹೆಚ್ಚಿಗೆ ಹಾಕಿಸಿಕೊಳ್ಳಿ. ಅವಧಿ ಮೀರಿದರೆ ದಂಡ. ನಮ್ಮ ಚಾಲನಾ ಪರವಾನಗಿ ನಡೆಯುತ್ತದೆ, ಆರ್‌ಸಿ ಮೂಲ ಪ್ರತಿ ಬೇಕು. ಬಹಳ ಮಂದಿ ಮರೆಯುವುದು ವಿಮೆಯನ್ನು: ನಮ್ಮ ವಾಹನ ವಿಮೆ ನೇಪಾಳಕ್ಕೆ ತಾನಾಗಿಯೇ ಅನ್ವಯಿಸದು, ಹೆಚ್ಚುವರಿ ಹಣ ಕಟ್ಟಿ ವ್ಯಾಪ್ತಿ ವಿಸ್ತರಿಸಿಕೊಳ್ಳಬೇಕು.

ಸುರಕ್ಷಿತವೇ? ಗಲಾಟೆ ಆಗಿತ್ತಲ್ಲ?

2025ರ ಸೆಪ್ಟೆಂಬರ್‌ನಲ್ಲಿ ಯುವಕರ ಪ್ರತಿಭಟನೆಗೆ ಸರ್ಕಾರವೇ ಬಿದ್ದಿತು, ಕಠ್ಮಂಡು ವಿಮಾನ ನಿಲ್ದಾಣ ಮುಚ್ಚಿತು, ಅನೇಕ ಭಾರತೀಯರು ಸಿಕ್ಕಿಹಾಕಿಕೊಂಡರು. ಅಂಥದ್ದು ದಿನಾ ಆಗುವುದಿಲ್ಲ. ಪ್ರವಾಸಿಗರ ಮೇಲೆ ಅಲ್ಲಿನ ಜನಕ್ಕೆ ಕೋಪವಿಲ್ಲ. ಹೊರಡುವ ಹಿಂದಿನ ದಿನ ಸುದ್ದಿ ನೋಡಿ, ಬಂದ್ ಇದೆಯೇ ತಿಳಿದುಕೊಳ್ಳಿ. ನನಗೆ ಹೆದರಿಕೆ ಇರುವುದು ರಸ್ತೆಯ ಬಗ್ಗೆ. ಕಠ್ಮಂಡು–ಪೋಖರಾ 200 ಕಿಲೋಮೀಟರ್, ಹಿಡಿಯುವುದು ಏಳೆಂಟು ಗಂಟೆ. ರಾತ್ರಿ ಬಸ್ ಬೇಡವೇ ಬೇಡ. ದೇಶದೊಳಗಿನ ವಿಮಾನಗಳ ಚರಿತ್ರೆಯೂ ಹೆಮ್ಮೆಪಡುವಂಥದ್ದಲ್ಲ: 2023ರ ಜನವರಿಯಲ್ಲಿ ಪೋಖರಾದಲ್ಲಿ ಒಂದು ವಿಮಾನ ಬಿದ್ದು 72 ಜನ ಸತ್ತರು. ಪ್ರವಾಸ ವಿಮೆ ಮಾಡಿಸಿ, ಅದು ಎಷ್ಟು ಎತ್ತರದವರೆಗೆ ಅನ್ವಯಿಸುತ್ತದೆ ಎಂಬ ಸಾಲನ್ನು ಓದಿಯೇ ಸಹಿ ಹಾಕಿ. ಪೊಲೀಸ್ 100, ಆಂಬುಲೆನ್ಸ್ 102, ಪ್ರವಾಸಿ ಪೊಲೀಸ್ 1144. ಭಾರತದ ರಾಯಭಾರ ಕಚೇರಿ ಇರುವುದು ಕಠ್ಮಂಡುವಿನ ಲೈನ್‌ಚೌರ್‌ನಲ್ಲಿ.

ಎಷ್ಟು ದಿನ ಬೇಕು?

ಕಠ್ಮಂಡು ಕಣಿವೆ ಮೂರು ದಿನ, ಪೋಖರಾ ಎರಡು ದಿನ, ಮುಕ್ತಿನಾಥ ಸೇರಿದರೆ ಇನ್ನೂ ಮೂರು. ಕಣಿವೆಯಲ್ಲಿ ಜನ ಪಶುಪತಿ ನೋಡಿ ಓಡಿಬಿಡುತ್ತಾರೆ. ಪಾಟನ್, ಭಕ್ತಪುರಗಳಿಗೆ ಒಂದೊಂದು ಇಡೀ ದಿನ ಕೊಡಿ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಉರುಳಿದ ಗುಡಿಗಳನ್ನು ಹಳೆಯ ಇಟ್ಟಿಗೆ, ಹೊಸ ಮರ ಬೆರೆಸಿ ಮತ್ತೆ ಎಬ್ಬಿಸಿದ್ದಾರೆ. ಕಂಬದಲ್ಲಿ ಯಾವ ಕೆತ್ತನೆ ಹಳೆಯದು, ಯಾವುದು ಹೊಸದು ಎಂದು ಹುಡುಕುತ್ತ ಕೂರುವುದೇ ಒಂದು ಸುಖ. ಟಿಕೆಟ್ ಕೌಂಟರಿನಲ್ಲಿ ಗುರುತಿನ ಚೀಟಿ ತೋರಿಸಿ ಸಾರ್ಕ್ ದರವನ್ನೇ ಕೇಳಿ.

ಏನು ತರಬಹುದು?

ಇಲಾಮ್ ಚಹಾ, ಲೋಕ್ತಾ ಗಿಡದ ತೊಗಟೆಯ ಕಾಗದದ ಪುಸ್ತಕ. ಏಕಮುಖಿ ರುದ್ರಾಕ್ಷಿ ಅಗ್ಗಕ್ಕೆ ಸಿಕ್ಕಿತೆಂದು ಕುಣಿದವರು ಮನೆಗೆ ಬಂದು ನೀರಿನಲ್ಲಿ ನೆನೆಸಿದಾಗ ಅಂಟು ಬಿಟ್ಟದ್ದನ್ನು ನೋಡಿದ್ದೇನೆ. ಐದು ಮುಖದ್ದು ಸಾಕು.

ಟಿಕೆಟ್ ಮೇಲೆ 2082 ಎಂದಿದೆ, ತಪ್ಪಾಗಿದೆಯೇ?

ಇಲ್ಲ. ಅಲ್ಲಿ ವಿಕ್ರಮ ಶಕೆಯ ಪಂಚಾಂಗ, ನಮ್ಮ ಲೆಕ್ಕಕ್ಕಿಂತ ಐವತ್ತಾರು ಐವತ್ತೇಳು ವರ್ಷ ಮುಂದೆ. ವಾರದ ರಜೆ ಶನಿವಾರ. ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಿಕೊಳ್ಳಿ. ನಾನು ಮರೆತು ಪೋಖರಾದ ಬಸ್ಸನ್ನು ಸರಿಯಾಗಿ ಅಷ್ಟೇ ಹೊತ್ತಿನಲ್ಲಿ ತಪ್ಪಿಸಿಕೊಂಡಿದ್ದೇನೆ.